ಕುಯ್ಯಲಾಗದ ಕೇಕು

ತಮಿಳುನಾಡಿನ ಉತ್ತಮಪಾಳಯದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಕುಕ್ಕರಿನಲ್ಲಿ ಮರಳು ಕಾಯಿಸಿ ಕೇಕು ಮಾಡಿ ಮಾರುತ್ತಿದ್ದರು. ಯಾರು ದೂರು ತಂದರೂ ಸೆರಗಿಗೆ ಕೈ ಒರೆಸಿಕೊಂಡು, “ಅದ್ಕೂ ಒಂದು ದಾರಿ ಐತೆ” ಎನ್ನುತ್ತಿದ್ದರು.

ಒಮ್ಮೆ ದ್ರಾಕ್ಷಿತೋಟದ ಯಜಮಾನರೊಬ್ಬರು ಮಗಳ ಹುಟ್ಟುಹಬ್ಬಕ್ಕೆ ತಾವೇ ಆಸೆಪಟ್ಟು ದೇವರ ಎತ್ತಿನ ಆಕಾರದ ಕೇಕು ಮಾಡಿಸಿಕೊಂಡು ಹೋದರು. ಸ್ವಲ್ಪ ಹೊತ್ತಿಗೇ ಅದನ್ನು ತಲೆಯ ಮೇಲೆ ಹೊತ್ತು ವಾಪಸು ಬಂದರು. ಹಿಂದೆ ಅಳುವ ಮಗಳು, ಹಸಿದ ನೆಂಟರು.

“ಎನ್ನಮ್ಮಾ ಇದು! ನಾವು ಎತ್ತಿಗೆ ಕೈಮುಗಿಯೋ ಜನ. ಇದ್ರ ಮೇಲೆ ಚಾಕು ಇಕ್ಕದೆಂಗೆ?”

ಅಕ್ಕ ಕೈ ಒರೆಸಿಕೊಂಡರು.

“ಅದ್ಕೂ ಒಂದು ದಾರಿ ಐತಣ್ಣೇ. ಕುಯ್ಯಬ್ಯಾಡಿ, ನೆಕ್ಕಿ. ಹಸು ಕರೂನ ನೆಕ್ಕಲ್ವಾ?”

ಯಜಮಾನರು ಚಪ್ಪಲಿ ಬಿಟ್ಟು, ಕೈಮುಗಿದು, ಬಾಲದ ಕಡೆಯಿಂದ ಶುರುಮಾಡಿದರು.