ಎರಡು ಬಾಗಿಲ ಮನೆಗಳು ಮತ್ತು ನಮ್ಮ ವೈನಿ

ವೈನಿಯವರ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ಬೂದಿ ಮೆತ್ತಿಕೊಂಡು ಬೆಳ್ಳಗಿರುತ್ತಿದ್ದವು. ಹೆಬ್ಬೆರಳಂತೂ ನೂಲು ಹೊಸೆದು ಹೊಸೆದು ಚಪ್ಪಟೆಯಾಗಿ, ಅದರ ಗೆರೆಗಳ ಗುರುತೇ ಅಳಿಸಿಹೋಗಿತ್ತು. ರೇಶನ್ ಅಂಗಡಿಯ ಮಷೀನು ಆ ಬೆರಳನ್ನು ಒಪ್ಪುತ್ತಿರಲಿಲ್ಲ. "ನಾ ಇನ್ನೂ ಇದ್ದೇನಿ ಅಂತ ಇದಕ್ಕ ಯಾರರೆ ಹೇಳ್ರೀ" ಎಂದು ಪಾಳಿಯಲ್ಲಿ ನಿಂತವರನ್ನೆಲ್ಲ ನಗಿಸುತ್ತಿದ್ದರು.

ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಕಿದ ನೂಲು, ಮುಗಿದರೆ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳಿಗೆ ಬೂದಿ ಹಚ್ಚಿದ ಬೆರಳಿನಿಂದ ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಓಣಿಯ ಎಲ್ಲ ಮನೆಗಳ ಹಾಸು ಕೆಚ್ಚುತ್ತಿದ್ದವರು ಅವರು. ದೊಡ್ಡವರಿಗೂ ಸಣ್ಣವರಿಗೂ ಅವರು ವೈನಿ, ಅಂದರೆ ಅತ್ತಿಗೆ. ನಾನು ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅವರು ಅಷ್ಟನ್ನೂ ಕಂಡವರಲ್ಲ. ಆದರೆ ಸಾವಿರಾರು ಎಳೆಗಳಲ್ಲಿ ಒಂದು ತಪ್ಪಿದ್ದರೂ ಕಣ್ಣು ಮುಚ್ಚಿ ಅದರ ಮೇಲೆ ಬೆರಳಿಡುತ್ತಿದ್ದರು.

ಇವತ್ತು ನನ್ನ ಮೊಮ್ಮಗಳು ನಗರಸಭೆಯ ಅಧ್ಯಕ್ಷೆಯಾಗಿದ್ದಾಳೆ. ನನಗೆ ಕೂತಲ್ಲಿ ಕೂಡಲಾಗುತ್ತಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲಿಗೆ ಹೋಗುತ್ತೇನೆ, ಯಾರು ಕಂಡರೂ ಕರೆದು ಬಾಯಿಗೆ ಸಕ್ಕರೆ ಹಾಕಿ ಬರುತ್ತೇನೆ. ಡಬ್ಬಿ ಬರಿದಾಯಿತು. ಇಷ್ಟು ಹಿಗ್ಗಿನಲ್ಲೂ ವೈನಿ ನೆನಪಾದರೆ ಬಾಗಿಲಿನಿಂದ ತಿರುಗಿ ಬಂದು ಮತ್ತೆ ಬರೆಯಲು ಕೂಡುತ್ತೇನೆ.

ಕೆಲವು ವರ್ಷಗಳ ಹಿಂದೆ ವಾರ್ಡುಗಳ ಗಡಿ ಬದಲಿಸುವ ಕರಡು ಪಟ್ಟಿ ಬಂತು. ನಮ್ಮ ಮನೆಗಳು ಉದ್ದ. ಅಡುಗೆ, ಊಟ ಮುಂದಿನ ಬಾಗಿಲ ಕಡೆ. ಮಗ್ಗ ಹಿಂದಿನ ಬಾಗಿಲ ಕಡೆ. ಹಿಂದಿನ ಬಾಗಿಲು ಬೇರೆ ಬೀದಿಗೆ ತೆರೆಯುತ್ತದೆ. ಮನೆ ನಂಬರಿನ ತಗಡು ಬಡಿಯುವವರು ಬಂದಾಗ ಮಗ್ಗ ಬಿಟ್ಟು ಏಳುವ ಮನಸ್ಸಿಲ್ಲದ ಗಂಡಸರು "ಇಲ್ಲೇ ಬಡೀರಿ" ಎಂದು ಹಿಂದಿನ ಬಾಗಿಲನ್ನೇ ತೋರಿಸಿದ್ದರು. ಅರ್ಧ ಮನೆಗಳ ತಗಡು ಮುಂದೆ, ಅರ್ಧ ಮನೆಗಳದು ಹಿಂದೆ. ಕಚೇರಿಯವರು ತಗಡು ನೋಡಿ ಪಟ್ಟಿ ಮಾಡಿದರು. ಹಿಂದೆ ತಗಡಿದ್ದವರೆಲ್ಲ ಪಕ್ಕದ ವಾರ್ಡಿಗೆ ಹೋದರು. ಅವರು ಓಟು ಹಾಕಬೇಕಾದ ಸಾಲೆ, ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ದೊಡ್ಡ ರಸ್ತೆಯ ಆಚೆ.

"ತಗಡು ಎಲ್ಲಿ ಬಡದ್ರೇನು ಅಂದಾವ್ರು ನೀವ ಅಲ್ಲೇನು? ಈಗ ಗೋಡಿಗೊಂದು ವಾರ್ಡು ಆತು" ಎಂದು ವೈನಿ ಗಂಡಸರನ್ನು ಹಂಗಿಸಿದರು.

"ಆತು ಬಿಡ್ರಿ ವೈನಿ, ಓಟು ಎಲ್ಲಿ ಹಾಕಿದ್ರೂ ಓಟ" ಎಂದರು ನಮ್ಮ ಮನೆಯವರು.

"ನಳದಾಗ ನೀರು ಬರವಲ್ದು ಅಂತ ಕೇಳಾಕ ಹೋದ್ರ ಈ ವಾರ್ಡಿನ ಮೆಂಬರ ಅವನ ಕಡೆ ಹೋಗ್ರಿ ಅಂತಾನ, ಆ ವಾರ್ಡಿನಂವ ಇವನ ಕಡೆ ಹೋಗ್ರಿ ಅಂತಾನ. ಅರ್ಧ ಓಣಿಗೆ ಯಾರು ಹೆದರ್ತಾರಪಾ?"

ಅವರು ಹೇಳಿದ್ದನ್ನು ಮೊಮ್ಮಗಳು ತಕರಾರು ಅರ್ಜಿಯಾಗಿ ಬರೆದಳು. ವಿಚಾರಣೆಯ ದಿನ ಎರಡು ಟಂಟಂ ಆಟೋ ತುಂಬ ಕಚೇರಿಗೆ ಹೋದೆವು. ಸಾಹೇಬರು ವೈನಿಯ ಮುಂದೆ ನಕಾಶೆ ಹಾಸಿದರು.

"ಅಜ್ಜಿ, ನಿಮಗ ನಕಾಶೆ ತಿಳೀತೈತೇನು?"

"ಇಲ್ರಿ ಸಾಹೇಬ್ರ. ನೀವು ನೋಡ್ರಿ, ನಾ ಹೇಳ್ತೇನಿ."

ವೈನಿ ಕಣ್ಣು ಮುಚ್ಚಿದರು. ಎಳೆ ಹೊಸೆಯುವಂತೆ ಬೆರಳು ತಿಕ್ಕುತ್ತ ಒಂದು ತುದಿಯಿಂದ ಶುರು ಮಾಡಿದರು. "ಬೇವಿನ ಗಿಡದ ಮನಿ, ಒಲಿ ಮುಂದ, ಮಗ್ಗ ಹಿಂದ, ತಗಡು ಹಿಂದ. ಅದರ ಬಾಜೂದು, ಒಲಿ ಮುಂದ, ತಗಡೂ ಮುಂದ. ಅಲ್ಲಿ ನಡುವಿನ ಗೋಡಿ ಒಂದ, ಅಣ್ಣತಮ್ಮರು." ಗುಮಾಸ್ತ ಪಟ್ಟಿ ಹಿಡಿದು ಗುರುತು ಹಾಕುತ್ತ ಹೋದ. ಒಂದು ಮನೆಯೂ ತಪ್ಪಲಿಲ್ಲ, ತಗಡು ಎಲ್ಲಿದ್ದರೂ ಎಲ್ಲರ ಒಲೆ ನಮ್ಮ ಓಣಿಯ ಕಡೆಗೇ. ಸಾಹೇಬರು ಅವರಿಗೆ ಕುರ್ಚಿ ಹಾಕಿಸಿದರು.

ಆಮೇಲೆ ಸಾಹೇಬರು, "ಓಣಿ ಒಂದ ವಾರ್ಡಿಗೆ ತರಬಹುದು. ಆದ್ರ ಜನ ಹೆಚ್ಚಾಗ್ತಾರ. ತುದೀದೊಂದು ದೊಡ್ಡ ಮನಿ ಆಕಡೆ ಹೋಗಬೇಕು" ಎಂದು ನಕಾಶೆಯ ಒಂದು ತುದಿಯ ಮೇಲೆ ಬೆರಳಿಟ್ಟರು. ಅದು ನಾಲ್ಕು ಒಲೆಗಳ, ಅಂದರೆ ನಾಲ್ಕು ಸಂಸಾರಗಳ ನಮ್ಮ ಮನೆ. ಮತ್ತೊಂದು ತುದಿಯ ಮೇಲಿಟ್ಟರು. ಅದು ವೈನಿಯವರದು. ಅಲ್ಲೂ ನಾಲ್ಕು ಒಲೆ. "ಇದರಾಗ ಯಾವುದು, ನೀವ ಹೇಳ್ರಿ."

ಓಣಿಯವರು ಒಮ್ಮೆ ನನ್ನನ್ನು, ಒಮ್ಮೆ ವೈನಿಯನ್ನು ನೋಡಿದರು. ನಾನು ನೆಲ ನೋಡುತ್ತ ನಿಂತೆ. ಬೇರೆ ಏನೂ ಮಾಡಲಿಲ್ಲ, ನೆಲ ನೋಡಿದೆ ಅಷ್ಟೇ.

"ನಮ್ಮ ಮನಿ ಬರಕೋರಿ" ಎಂದರು ವೈನಿ.

ಅವರ ಮಗ ಮುಂದೆ ಬಂದ. "ಯವ್ವಾ, ಏನ್ ಮಾತಾಡಾಕತ್ತಿ? ನಾವ್ಯಾಕ ಹೋಗೂಣು?"

"ಸುಮ್ಮ ನಿಂದ್ರಲೇ. ಯಾರರೆ ಹೋಗಬೇಕಲ್ಲ."

ತಿರುಗಿ ಬರುವಾಗ ಟಂಟಂನಲ್ಲಿ ನನ್ನ ಪಕ್ಕ ಕೂತರು. ನನಗೆ ಮುಖ ಎತ್ತಲಾಗಲಿಲ್ಲ. "ಯಾಕ ಬೇ ತೆಲಿ ಕೆಳಗ ಹಾಕಿ? ನಿನ್ನ ಕಾಲು ನೋವು. ರಸ್ತೆ ದಾಟಿ ಅಷ್ಟು ದೂರ ನಡಿಯಾಕ ನಿನಗ ಆಗೂದಿಲ್ಲ" ಎಂದರು. ನನ್ನ ಕಾಲುಗಳು ಆಗ ಗಟ್ಟಿಯಾಗಿಯೇ ಇದ್ದವು. ಅದು ಅವರಿಗೂ ಗೊತ್ತಿತ್ತು.

ಅವರ ಮಗ ಬಹಳ ದಿನ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮುಂದಿನ ಚುನಾವಣೆಯಲ್ಲಿ ಓಣಿಯವರೆಲ್ಲ ಕೂಡಿ ಮೊಮ್ಮಗಳನ್ನು ನಿಲ್ಲಿಸಿದರು. ಓಟಿನ ದಿನ ನಾವು ಹರಟೆ ಹೊಡೆಯುತ್ತ ಮಗ್ಗುಲ ಸಾಲೆಗೆ ಹೋದೆವು. ವೈನಿ ಸೀರೆಯ ನಿರಿಗೆ ಎತ್ತಿ ಹಿಡಿದು, ಟ್ರ್ಯಾಕ್ಟರುಗಳಿಗೆ ಕೈ ಅಡ್ಡ ಮಾಡುತ್ತ ದೊಡ್ಡ ರಸ್ತೆ ದಾಟಿದರು. ಮೊಮ್ಮಗಳು ವಾರ್ಡಿನ ಸದಸ್ಯೆಯಾಗಿ ಗೆದ್ದಾಗ ಗುಲಾಲು ಮೆತ್ತಿದ ಮುಖದಲ್ಲೇ ಓಡಿ ಹೋಗಿ ಅವರ ಕಾಲು ಹಿಡಿದಳು.

"ನನ್ನ ಕಾಲಿಗ್ಯಾಕ ಬೀಳ್ತಿ ಬೇ? ನಾ ಏನ್ ನಿನಗ ಓಟು ಹಾಕೇನೇನು?" ಎಂದು ಅವಳ ಗಲ್ಲ ಹಿಂಡಿದರು. ಗುಲಾಲಿನ ಮೇಲೆ ಬೂದಿಯ ಎರಡು ಬೆರಳು ಮೂಡಿದವು.

ಹೋದ ವರ್ಷ ವೈನಿ ತೀರಿಹೋದರು. ಮಧ್ಯಾಹ್ನ ಯಾರದೋ ಮನೆಯ ಹಾಸು ಕೆಚ್ಚುತ್ತ ಕೂತವರು ಹಾಗೆಯೇ ಗೋಡೆಗೆ ಒರಗಿದರು.

ಇವತ್ತು ಮೊಮ್ಮಗಳಿಗೆ ಹಾರ ಹಾಕುವಾಗ ಎಲ್ಲರೂ ನನ್ನನ್ನೇ ಮುಂದೆ ನೂಕಿದರು. "ಓಣಿ ಒಂದ ಇತ್ತು, ಅದಕ್ಕ ಆತು ಅಜ್ಜಿ" ಎಂದಳು ಅವಳು. ಹೌದು ಎಂದೆ. ಅದು ಹೇಗೆ ಒಂದೇ ಉಳಿಯಿತು ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಯಾರೋ ಫೋಟೊಕ್ಕೆ ಕರೆದರು. ವಾರ್ಡುಗಳ ಗಡಿ ಮತ್ತೆ ಬದಲಾಗುತ್ತದಂತೆ. ಮತ್ತೊಬ್ಬ ಸಾಹೇಬರು ನಮ್ಮ ಮನೆಯ ಮೇಲೆ ಬೆರಳಿಟ್ಟು ಕೇಳಿದರೆ ಈ ಸಲ ನಾನೇ ಮೊದಲು ಮಾತಾಡಬೇಕು. "ನಮ್ಮ ಮನಿ ಬರಕೋರಿ" ಎಂದು ದಿನಾಲೂ ಮನಸ್ಸಿನಲ್ಲಿ ಹೇಳಿ ನೋಡುತ್ತೇನೆ. ಮನಸ್ಸಿನಲ್ಲಿ ಸರಿಯಾಗಿಯೇ ಬರುತ್ತದೆ. ಅಲ್ಲಿ ನಿಂತಾಗ ಬರುತ್ತದೋ ಇಲ್ಲವೋ, ನನಗೆ ಇನ್ನೂ ಖಾತ್ರಿಯಿಲ್ಲ.