ಕಂಬಳಿ ಹೊದ್ದ ಪೈಪು

ನೆಲಮಾಳಿಗೆಯ ಯಂತ್ರದ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದ ವಾಲ್ವಣ್ಣನಿಗೆ ಕಿವಿಯೇ ಮೀಟರು. ಪಂಪಿನ ಮೈಮೇಲೆ ಉದ್ದನೆಯ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿ ಕೇಳುತ್ತಿದ್ದ. "ಇದರ ಬೇರಿಂಗ್ ಹೋಗ್ತಾ ಇದೆ. ಇನ್ನು ಹದಿನೈದು ದಿನ" ಎಂದನೆಂದರೆ ಆ ಪಂಪು ಹದಿನಾರನೆಯ ದಿನ ಓಡುತ್ತಿರಲಿಲ್ಲ. ಒಂದೇ ಒಂದು ಸಲ ಹದಿನೆಂಟು ದಿನ ಓಡಿತು. ನಾವು ಅಣಕಿಸಲು ಹೋದರೆ, "ಮಧ್ಯೆ ಮೂರು ದಿನ ರಜಾ ಇತ್ತಲ್ಲ, ಅದನ್ನ ಕಳೀರಿ" ಎಂದ.

ನಮ್ಮದು ಕೃತಕ ಕಾಲು ಮಾಡಿಕೊಡುವ ಸಂಸ್ಥೆ. ಬೇರೆ ಆಫೀಸುಗಳಲ್ಲಿ ಕಾಲ ಕೆಟ್ಟಿದೆ ಎಂದು ಗೊಣಗುತ್ತಾರೆ. ನಮ್ಮಲ್ಲಿ ಕಾಲು ಕೆಡದಿದ್ದರೆ ಸಾಕು. ಕಟ್ಟಡಕ್ಕೆ ಆರು ಮಹಡಿ. ಮೂರನೆಯದರಲ್ಲಿ ಹೊಸ ಕಾಲಿನ ಮೇಲೆ ನಡೆಯಲು ಕಲಿಸುತ್ತಾರೆ, ನಾಲ್ಕನೆಯದರಲ್ಲಿ ಅಚ್ಚು ತೆಗೆದು ಆ ಕಾಲನ್ನು ಮಾಡುತ್ತಾರೆ. ನಾನು ಕೂರುವುದೂ ನಾಲ್ಕರಲ್ಲೇ, ಕಾಲುಗಳಿಗೆ ನಂಬರು ಹಾಕುವ ಮೇಜಿನ ಹಿಂದೆ.

ಹೋದ ವರ್ಷ ಮೇಲಿನವರು ನಮ್ಮ ಕಟ್ಟಡಕ್ಕೆ ಬುದ್ಧಿ ಬರಿಸಬೇಕೆಂದು ತೀರ್ಮಾನಿಸಿದರು. ಒಳಗಿದ್ದ ನಮಗೆ ಬರಿಸುವ ಆಸೆಯನ್ನು ಎಂದೋ ಬಿಟ್ಟಿದ್ದರೆಂದು ಕಾಣುತ್ತದೆ. ಅಲ್ಲಿಯವರೆಗೆ ಏಸಿ, ದೀಪ, ಲಿಫ್ಟು, ನೀರಿನ ಪಂಪು, ಬೆಂಕಿಯ ಗಂಟೆ ಎಲ್ಲವೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ ಇದ್ದವು. ಬೆಂಕಿಯ ಗಂಟೆ ಬಡಿದುಕೊಂಡರೂ ಫ್ಯಾನು ಗಾಳಿ ಊದುತ್ತಲೇ ಇತ್ತು. ಮಹಡಿಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ದೀಪಗಳು ಪರಸ್ಪರ ಮುಖ ನೋಡಿಕೊಂಡು ಉರಿಯುತ್ತಿದ್ದವು. ಇವರೆಲ್ಲರ ರಾಜಿ ಮಾಡಿಸಿ ಒಂದೇ ಕಂಪ್ಯೂಟರಿನ ಕೈಗೆ ಒಪ್ಪಿಸಲು ಒಂದು ಕಂಪನಿ ಬಂತು. ಕಂಪನಿಯೆಂದರೆ ಒಬ್ಬ ಇಂಜಿನಿಯರ್ ಹುಡುಗಿ, ಎರಡು ಲ್ಯಾಪ್‌ಟಾಪು, ಒಂದು ಬಿಸ್ಕತ್ತಿನ ಡಬ್ಬಿ. ಅವಳ ತೆರೆಯ ಮೇಲೆ ಆರು ಮಹಡಿಯೂ ಕಾಣುತ್ತಿತ್ತು. ನನ್ನ ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ಇದ್ದರು, ಬೋರ್ಡಿನ ಕಡೆ ಮುಖ ಮಾಡಿಯೇ ಕೊನೆಯ ಬೆಂಚಿನಲ್ಲಿ ಯಾರು ಏನು ಮೆಲ್ಲುತ್ತಿದ್ದಾರೆಂದು ಹೇಳುತ್ತಿದ್ದರು. ಹೆಚ್ಚುಕಡಿಮೆ ಅದೇ ಜಾತಿಯ ಯಂತ್ರ.

ಯಂತ್ರ ಹೇಳುವುದು ಸರಿಯೋ ಎಂದು ನೋಡಲು ಇಬ್ಬರು ಬೇಕು. ಒಬ್ಬರು ತೆರೆಯ ಮುಂದೆ, ಇನ್ನೊಬ್ಬರು ಆ ಫ್ಯಾನಿನದೋ ವಾಲ್ವಿನದೋ ಎದುರಿಗೆ. ಇವಳು ನೆಲಮಾಳಿಗೆಯಲ್ಲಿ, ವಾಲ್ವಣ್ಣ ಏಣಿಯ ಮೇಲೆ, ಮಧ್ಯೆ ವಾಕಿಟಾಕಿ.

"ನಾಲ್ಕನೇ ಮಹಡಿ ಫ್ಯಾನು ಆನ್ ಮಾಡ್ತಾ ಇದ್ದೀನಿ. ಬಂತಾ ಅಣ್ಣ?"

"ಬಂತು."

"ಸ್ಪೀಡು ಅರ್ಧ."

"ಅರ್ಧ ಬಂತು."

"ಆಫ್."

"ಹೋಯ್ತು."

ಹೀಗೆ ಸಾವಿರದ ಎಂಟುನೂರ ನಲವತ್ತಾರು ಜಾಗ, ಐದು ವಾರ. ಕ್ಯಾಂಟೀನಿನವರಿಗೂ ಅದು ಅಂಟಿಕೊಂಡಿತು. "ಟೀ ಬಂತಾ?" "ಬಂತು." "ಸಕ್ಕರೆ?" "ಅರ್ಧ ಬಂತು." ಹುಡುಗಿಗೆ ಬೇಗ ಮುಗಿಸುವ ಆತುರ, ಇವನಿಗೆ ಅದರ ಗಾಳಿಯೂ ಸೋಕಿರಲಿಲ್ಲ. ಒಂದು ದಿನ ಮೆಟ್ಟಿಲ ಬಳಿಯ ದೀಪ ಮಿಣುಕಿ ಆರಿತು. "ಬಂತು ಅಂತ ಬರ್ಕೊಳ್ಲಾ ಅಣ್ಣ?" ಎಂದಳು. "ಮಿಣುಕಿತಮ್ಮ, ಬರಲಿಲ್ಲ. ಮಿಣುಕಿದ್ದನ್ನೆಲ್ಲ ಬಂತು ಅನ್ನೋಕೆ ನಾನೇನು ಚುನಾವಣೆಗೆ ನಿಂತಿದ್ದೀನಾ?" ಅಂದಿನಿಂದ ಅವಳು ಅವನ "ಬಂತು" ಕೇಳಿದ ಮೇಲೆ ಎರಡನೆಯ ಸಲ ಕೇಳುತ್ತಿರಲಿಲ್ಲ.

ಕೊನೆಯದಾಗಿ ಒಂದು ಪರೀಕ್ಷೆ ಉಳಿಯಿತು. ಏಳು ದಿನ ಯಾರೂ ಯಾವ ವಾಲ್ವಿಗೂ ಕೈ ಹಾಕಬಾರದು. ಕಂಪ್ಯೂಟರ್ ಒಂದೇ ಎಲ್ಲ ಮಹಡಿಗಳನ್ನೂ ಇಪ್ಪತ್ತನಾಲ್ಕು ಡಿಗ್ರಿಯಲ್ಲಿ ಇಟ್ಟುಕೊಳ್ಳಬೇಕು. ಮೊದಲ ಸಲ ಎರಡನೆಯ ದಿನಕ್ಕೇ ನಾಲ್ಕನೆಯ ಮಹಡಿ ಹತ್ತೊಂಬತ್ತಕ್ಕೆ ಇಳಿಯಿತು. ಎರಡನೆಯ ಸಲವೂ ಅದೇ ಕಥೆ. ಮೇಜಿನ ಮೇಲಿದ್ದ ಪ್ಲಾಸ್ಟರಿನ ಕಾಲುಗಳಿಗೂ ಸಾಕ್ಸು ಹಾಕೋಣವೆನ್ನಿಸುವಷ್ಟು ಚಳಿ. ಏಸಿಯ ಗಾಳಿಯನ್ನು ತಂಪು ಮಾಡುವ ತಣ್ಣೀರಿನ ವಾಲ್ವ್ ಪೂರ್ತಿ ಮುಚ್ಚಿದೆ ಎಂದು ತೆರೆ ಹೇಳುತ್ತಿತ್ತು. ಬೀಸುವ ಗಾಳಿ ಮಾತ್ರ ಆ ಮಾತು ಕೇಳುತ್ತಿರಲಿಲ್ಲ.

"ಅಣ್ಣ, ವಾಲ್ವ್ ನಿಜವಾಗ್ಲೂ ಮುಚ್ಚಿದೆಯಾ?"

"ಮುಚ್ಚಿದೆ."

ಹುಡುಗಿ ವಾಲ್ವಿನ ಮೋಟಾರು ಬದಲಾಯಿಸಿದಳು, ಉಷ್ಣಾಂಶ ಅಳೆಯುವ ಸೆನ್ಸರ್ ಬದಲಾಯಿಸಿದಳು, ಪ್ರೋಗ್ರಾಮನ್ನು ಮೊದಲಿನಿಂದ ಬರೆದಳು. ಮೂರನೆಯ ಸಲವೂ ಕೆಟ್ಟರೆ ಇಡೀ ವ್ಯವಸ್ಥೆಯನ್ನು ಕಿತ್ತುಕೊಂಡು ಹೋಗಿ ಎಂದು ಮ್ಯಾನೇಜರು ಅವಳ ಕಂಪನಿಗೆ ಹೇಳಿಬಿಟ್ಟರು. ಕ್ಯಾಂಟೀನಿನಲ್ಲಿ ವಾಲ್ವಣ್ಣನ ಬೆನ್ನು ತಟ್ಟುವವರು ಹೆಚ್ಚಾದರು. "ಕಂಪ್ಯೂಟರ್ ಸೋತ್ಹೋಯ್ತಲ್ಲ ಅಣ್ಣ, ಕೊನೆಗೆ ನೀನೇ ಬೇಕು ನೋಡು!" ಅವನು ಟೀ ಲೋಟದೊಳಗೆ ನೋಡುತ್ತಾ ಕೂತಿರುತ್ತಿದ್ದ.

ಯಾಕೆಂದರೆ ಚಳಿಯ ಕಾರಣ ಗೊತ್ತಿದ್ದವನು ಅವನೊಬ್ಬನೇ.

ಹನ್ನೊಂದು ವರ್ಷದ ಹಿಂದೆ ನಾಲ್ಕನೆಯ ಮಹಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಕರಗಿಸುವ ದೊಡ್ಡ ಒಲೆಯಿತ್ತು. ಆ ಕಾವಿಗೆ ಏಸಿಯ ನೀರು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅಚ್ಚು ತೆಗೆಯುವ ವಿಭಾಗದ ಅಚ್ಚಿನಕ್ಕ ಒಂದು ಮಧ್ಯಾಹ್ನ ಒಲೆಯ ಮುಂದೆಯೇ ತಲೆಸುತ್ತಿ ಬಿದ್ದಳು. ಬಲ ಮುಂಗೈ ಸುಟ್ಟಿತು. ಅದಕ್ಕೆ ಮೊದಲೂ ಆಮೇಲೂ ಇನ್ನೊಂದು ಪೈಪು ಹಾಕಿಸಿ ಎಂದು ಕಾಗದದ ಮೇಲೆ ಕಾಗದ ಹೋದವು, ಪೈಪು ಬರಲಿಲ್ಲ. ಅದಾದ ಮೇಲೆ ಒಂದು ಬೆಳಗ್ಗೆ ಮಹಡಿ ತಣ್ಣಗಾಗಿತ್ತು. ಸಂಸ್ಥೆ ಕಣ್ಣು ಬಿಟ್ಟಿತೆಂದು ನಾವು ಕುಣಿದಾಡಿದೆವು. ಆಗಿನ ಮ್ಯಾನೇಜರಿಗೆ ಧನ್ಯವಾದದ ಪತ್ರ ಬರೆದವನು ನಾನೇ. ಭಾಷೆ ಬೇರೆ ತುಸು ಜಾಸ್ತಿಯೇ ಸುರಿದಿದ್ದೆ. ಅವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದರು.

ನಿಜ ಏನೆಂದರೆ, ರಜೆಯ ದಿನ ವಾಲ್ವಣ್ಣ ಕೊಳಾಯಿ ಕೆಲಸ ಬಲ್ಲ ಭಾವಮೈದುನನನ್ನು ಕರೆತಂದು, ಮೋಟಾರು ವಾಲ್ವನ್ನು ಸುತ್ತಿ ಹೋಗಿ ನೀರನ್ನು ನೇರ ಏಸಿಗೆ ತಲುಪಿಸುವ ಒಂದು ಒಳದಾರಿಯ ಪೈಪು ಹಾಕಿದ್ದ. ಅದಕ್ಕೊಂದು ಕೈವಾಲ್ವು. ಬೇರೆಯವರ ಕಣ್ಣಿಗೆ ಬೀಳದಿರಲೆಂದು ಹಳೆಯ ಪೈಪಿಗೂ ಹೊಸದಕ್ಕೂ ಸೇರಿಸಿ, ತಣ್ಣೀರಿನ ಪೈಪಿಗೆ ಸುತ್ತುವ ದಪ್ಪ ಹೊದಿಕೆಯನ್ನು ಒಂದೇ ಕಂಬಳಿಯ ಹಾಗೆ ಹೊದಿಸಿ ಮಲಗಿಸಿದ್ದ. ಯಾವ ನಕ್ಷೆಯಲ್ಲೂ ಅದಿಲ್ಲ.

ಎರಡು ವರ್ಷದ ಹಿಂದೆ ಒಲೆ ನೆಲಮಹಡಿಗೆ ಇಳಿಯಿತು. ಆಗ ಆ ಕೈವಾಲ್ವನ್ನು ಮುಚ್ಚಿಬಿಡೋಣವೆಂದು ಹತ್ತಿದರೆ ಅದು ತುಕ್ಕು ಹಿಡಿದು, ಹಿಡಿಯೇ ಮುರಿದು ಕೈಗೆ ಬಂತು. ಮುಚ್ಚಬೇಕಾದರೆ ಇಡೀ ಮಹಡಿಯ ನೀರು ಖಾಲಿ ಮಾಡಬೇಕು, ಅದಕ್ಕೆ ಅಪ್ಪಣೆ ಬೇಕು, ಅಪ್ಪಣೆ ಕೇಳಿದರೆ ಕಾರಣ ಹೇಳಬೇಕು. ಅಲ್ಲಿಂದ ಮುಂದೆ ಅವನು ದಿನಾ ಬೆಳಗ್ಗೆ ನೆಲಮಾಳಿಗೆಯಲ್ಲಿ ನಮ್ಮ ಮಹಡಿಯ ದೊಡ್ಡ ವಾಲ್ವನ್ನು ಮೂರು ಸುತ್ತು ಮುಚ್ಚಿ, ಬಿಸಿಲೇರಿದ ಮೇಲೆ ಎರಡು ಸುತ್ತು, ಸಂಜೆ ಉಳಿದೊಂದು ಸುತ್ತು ತೆಗೆದು ಸರಿದೂಗಿಸುತ್ತಿದ್ದ. ಪರೀಕ್ಷೆಯ ಏಳು ದಿನ ಆ ಕೈಗೇ ಕಟ್ಟು ಬಿತ್ತು. ಅಪ್ಪಣೆಯಿಲ್ಲದೆ ಪೈಪು ಮುಟ್ಟಿದವರಿಗೆ ಮನೆಯೇ ಗತಿ ಎಂಬ ಸುತ್ತೋಲೆ ಯಂತ್ರದ ಕೋಣೆಯ ಬಾಗಿಲಲ್ಲೇ ಅಂಟಿಸಿತ್ತು. ನಿವೃತ್ತಿಗೆ ಐದು ತಿಂಗಳಿತ್ತು.

ಮೂರನೆಯ ಪರೀಕ್ಷೆಯ ಮೊದಲ ದಿನವೇ ನಮ್ಮ ಮಹಡಿ ಇಪ್ಪತ್ತೊಂದಕ್ಕೆ ಬಂತು. ಹುಡುಗಿ ಊಟ ಬಿಟ್ಟು ತನ್ನ ಕಂಪನಿಗೆ ಪತ್ರ ಬರೆಯುತ್ತಿದ್ದಳು.

"ಅಣ್ಣ, ವಾಲ್ವಿನ ನಂಬರ್ ಸರಿ ಇದೆಯಾ ಸ್ವಲ್ಪ ನೋಡಿ" ಎಂದು ಲ್ಯಾಪ್‌ಟಾಪು ತಿರುಗಿಸಿದಳು.

ನಂಬರು ಸರಿಯಿತ್ತು. ಅದರ ಕೆಳಗಿನ ಸಾಲನ್ನೂ ಅವನು ಓದಿದ. 'ಪೈಪು ಮತ್ತು ವಾಲ್ವುಗಳನ್ನು ಹಿರಿಯ ಮೆಕ್ಯಾನಿಕ್ ಖುದ್ದಾಗಿ ನೋಡಿ ಸರಿಯಿದೆ ಎಂದಿದ್ದಾರೆ. ಅವರ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಆದ್ದರಿಂದ ತಪ್ಪು ನನ್ನ ಪ್ರೋಗ್ರಾಮಿನದೇ.'

"ಸರಿ ಇದೆಯಾ?"

"ನಂಬರ್ ಸರಿ ಇದೆ" ಎಂದವನೇ ಎದ್ದುಹೋದ.

ಸಂಜೆ ಮನೆಯಲ್ಲಿ ಹೆಂಡತಿ ಹೊಲಿಗೆಯಂತ್ರದ ಮುಂದೆ ಯಾರದೋ ಪ್ಯಾಂಟು ಗಿಡ್ಡ ಮಾಡುತ್ತಿದ್ದಳಂತೆ. ಇವನು ಅತ್ತಿಂದಿತ್ತ ಏಳು ಸಲ ತಿರುಗಿದ ಮೇಲೆ ಅವಳೇ ಬಾಯಿ ತೆಗೆದಳು.

"ಆ ಪೈಪಿನ ವಿಷಯ ತಾನೇ?"

"ನಿನಗೆ ಹೇಗೆ ಗೊತ್ತು?"

"ನನ್ನ ತಮ್ಮನ ಹೊಟ್ಟೇಲಿ ಮಾತು ನಿಲ್ಲುತ್ತೇನ್ರೀ? ಹಾಕಿದ ದಿನಾನೇ ಹೇಳಿದ. ನೀವಾಗೇ ಹೇಳ್ತೀರೇನೋ ಅಂತ ಹನ್ನೊಂದು ವರ್ಷ ಸುಮ್ನಿದ್ದೆ."

"ಆ ಹುಡುಗಿ ತಪ್ಪು ತನ್ನದೇ ಅಂತ ಪತ್ರ ಬರೀತಾ ಇದ್ದಾಳೆ. ನಾನು ಹೇಳಿದ್ರೆ ಕೆಲಸ ಹೋಗುತ್ತೆ ಕಣೇ."

"ಹೋದ್ರೆ ಹೋಗ್ಲಿ, ಐದು ತಿಂಗಳು ಮುಂಚೆ ಮನೇಲಿ ಕೂತು ಗುಂಡಿ ಹಾಕಿಕೊಡಿ. ಪಾಪ, ಆ ಹುಡುಗಿ ನಿಮ್ಮ ಮಾತು ನಂಬಿ ತಲೆ ಕೊಡ್ತಾ ಇದ್ದಾಳೆ. ಆಮೇಲೆ ನಿಮಗೆ ಅನ್ನ ಇಳಿಯುತ್ತಾ?"

ಮರುದಿನ ಬೆಳಗ್ಗೆ ಒಂಬತ್ತೂ ಕಾಲಿಗೆ ವಾಕಿಟಾಕಿ ಗೊರಗುಟ್ಟಿತು. ನಮ್ಮಲ್ಲಿ ವಾಕಿಟಾಕಿ ಎಂದರೆ ಊರಬಾವಿ. ಸೆಕ್ಯೂರಿಟಿ, ಕಸ ಗುಡಿಸುವವರು, ಲಿಫ್ಟಿನವನು, ನಮ್ಮ ಮಹಡಿ, ಮ್ಯಾನೇಜರ ಮೇಜು ಎಲ್ಲ ಕಡೆಯೂ ಒಂದೇ ದನಿ.

"ಮೇಡಂ, ನಾನು ಮಾತಾಡ್ತಾ ಇರೋದು. ನಾಲ್ಕನೇ ಮಹಡಿ ವಾಲ್ವ್ ಮುಚ್ಚಿದೆ ಅಂದಿದ್ದೆ. ಅದು ನಿಜ. ಆದ್ರೆ ಅದರ ಪಕ್ಕದಲ್ಲಿ ಇನ್ನೊಂದಿದೆ. ಅದು ತೆರೆದಿದೆ. ಹನ್ನೊಂದು ವರ್ಷದಿಂದ ತೆರೆದಿದೆ. ಹಾಕಿದ್ದು ನಾನೇ. ನಿಮ್ಮ ಪ್ರೋಗ್ರಾಮಿಂದು ಒಂದಿಷ್ಟೂ ತಪ್ಪಿಲ್ಲ, ಆ ಪತ್ರ ಹರಿದುಹಾಕಿ."

ಗೇಟಿನ ಸೆಕ್ಯೂರಿಟಿಯವನು ಮೆಲ್ಲಗೆ "ಓವರ್?" ಎಂದ.

"ನನ್ನ ಕಥೆ ಓವರೋ ಅಲ್ವೋ ಮ್ಯಾನೇಜರು ಹೇಳ್ತಾರಪ್ಪ."

ಖಾಸಗಿಯಾಗಿ ಹೇಳಬಹುದಿತ್ತಲ್ಲ ಎಂದು ಆಮೇಲೆ ನಾನು ಕೇಳಿದ್ದೆ. "ಅರ್ಧ ಮಾತು ಎಲ್ಲರ ಮುಂದೆ ಹೇಳಿ, ಉಳಿದರ್ಧ ಕಿವೀಲಿ ಹೇಳೋದಾ?" ಎಂದ.

ಮ್ಯಾನೇಜರು ಬಂದು ಮೂರು ವರ್ಷವಾಗಿತ್ತು. ನಗು ಬಂದರೂ ನಿಯಮದ ಪುಸ್ತಕ ತೆಗೆದು ನೋಡುವ ಪೈಕಿ. ಅವರ ಕೋಣೆಯಲ್ಲಿ ವಾಲ್ವಣ್ಣ ನಿಂತಿದ್ದ, ಹುಡುಗಿಯೂ ನಿಂತಿದ್ದಳು.

"ಈಗ ಏನು ಮಾಡಬೇಕು ಹೇಳಿ" ಎಂದರು.

"ನಾಲ್ಕನೇ ಮಹಡಿ ನೀರಿಳಿಸಬೇಕು ಸಾರ್. ಅದಕ್ಕೆ ಮೊದಲು ನೀವು ನನ್ನ ನೀರಿಳಿಸಬೇಕು. ಸುತ್ತೋಲೆ ಹಾಗೇ ಹೇಳುತ್ತೆ."

"ತಮಾಷೆ ಬೇಡ. ಯಾರನ್ನ ಕೇಳಿ ಹಾಕಿದ್ರಿ?"

ಅಷ್ಟರಲ್ಲಿ ಬಾಗಿಲು ತಟ್ಟದೆಯೇ ಅಚ್ಚಿನಕ್ಕ ಒಳಗೆ ನುಗ್ಗಿದಳು. ಅವಳ ಹಿಂದೆ ನಾಲ್ಕನೆಯ ಮಹಡಿಯ ಅರ್ಧ ಜನ. ಕೈಯಲ್ಲಿ ಪ್ಲಾಸ್ಟರಿನ ಬಿಳಿಪುಡಿ ಮೆತ್ತಿದ ಒಂದು ಫೈಲು.

"ನಾನು ಕೇಳಿದ್ದೆ ಸಾರ್, ಒಂಬತ್ತು ಸಲ. ನಕಲು ಇಟ್ಟಿದ್ದೀನಿ. ಎಂಟಕ್ಕೆ ಉತ್ತರ ಇಲ್ಲ. ಒಂಬತ್ತನೇದಕ್ಕೆ 'ಪರಿಶೀಲನೆಯಲ್ಲಿದೆ' ಅಂತ ಬಂತು. ಆ ಪರಿಶೀಲನೆ ಮುಗೀತಾ ಅಂತ ಕೇಳಿಕೊಂಡು ಹೋಗೋಣ ಅಂತ ಬಂದೆ."

ಮ್ಯಾನೇಜರು ಒಂಬತ್ತನ್ನೂ ಓದಿದರು. ಆರನೆಯದನ್ನು ಎರಡು ಸಲ ಓದಿದರು. ಅವಳು ಬಿದ್ದ ಮಾರನೆಯ ದಿನ ಎಡಗೈಯಲ್ಲಿ ಬರೆದ ಕಾಗದ ಅದು, ಅಕ್ಷರ ಓದಲು ಎರಡು ಸಲ ಬೇಕಿತ್ತೋ ಏನೋ. ಆಮೇಲೆ ಪೆನ್ನು ತೆಗೆದು ಒಂಬತ್ತನೆಯದರ ಅಂಚಿನಲ್ಲಿ ಬರೆದರು: 'ಪರಿಶೀಲಿಸಲಾಯಿತು. ಪೈಪು ಅಳವಡಿಸಲು ಅನುಮತಿಸಲಾಗಿದೆ.' ಕೆಳಗೆ ಸಹಿ, ಅಂದಿನ ತಾರೀಖು.

"ಸರ್, ಅದನ್ನ ಈಗ ತೆಗೆಯೋಕೂ ಅನುಮತಿ ಬೇಕಲ್ಲ?" ಎಂದಳು ಹುಡುಗಿ.

"ಅದಕ್ಕೂ ಹನ್ನೊಂದು ವರ್ಷ ಬೇಕೇನಮ್ಮ? ತೆಗೀರಿ. ಏಳು ದಿನ ಹೊಸದಾಗಿ ಎಣಿಸಿ." ಆಮೇಲೆ ವಾಲ್ವಣ್ಣನತ್ತ ತಿರುಗಿ, "ನಿಮಗೆ ಒಂದು ಮೆಮೊ ಬರುತ್ತೆ. ಕೊಡದೆ ಇದ್ರೆ ನಾಳೆಯಿಂದ ಎಲ್ಲರೂ ಪೈಪ್ ಹಾಕ್ತಾರೆ."

"ಕೊಡಿ ಸಾರ್. ದಪ್ಪ ಅಕ್ಷರದಲ್ಲೇ ಕೊಡಿ. ಹೆಂಡತಿಗೆ ಓದೋಕೆ ಕನ್ನಡಕ ಸಿಗ್ತಾ ಇಲ್ಲ."

ನೀರಿಳಿಸಲು ಮೂರು ಗಂಟೆ ಹಿಡಿಯಿತು. ಕಂಬಳಿ ಸೀಳಿದಾಗ ಒಳಗಿನ ಬೆಸುಗೆಯನ್ನು ಹುಡುಗಿ ಬೆರಳಾಡಿಸಿ ನೋಡಿದಳು. "ಕದ್ದು ಮಾಡಿದ ಕೆಲಸಾನ ಇಷ್ಟು ನೀಟಾಗಿ ಮಾಡ್ತಾರಾ ಅಣ್ಣ?" ಎಂದಳು. ತೆಗೆಯುವ ಮೊದಲು ಅದನ್ನು ನಕ್ಷೆಯಲ್ಲಿ ಬರೆದು, ನಂಬರು ಕೊಟ್ಟು, ಆಮೇಲೆ 'ತೆಗೆಯಲಾಗಿದೆ' ಎಂದು ಗೆರೆ ಎಳೆದಳು. ಇಲ್ಲದ ಪೈಪು ಒಂದು ಗಳಿಗೆಯಾದರೂ ಇರಲಿ ಎಂದೇನೋ.

ಏಳು ದಿನವೂ ನಮ್ಮ ಮಹಡಿ ಇಪ್ಪತ್ತನಾಲ್ಕರಲ್ಲಿ ನಿಂತಿತು. ಎಂಟನೆಯ ದಿನ ವಾಲ್ವಣ್ಣನನ್ನು ಮೇಲಕ್ಕೆ ಕರೆಸಿ ಕುರ್ಚಿ ಹಾಕಿ ಕೂರಿಸಿದೆವು. ನಮ್ಮ ಮಹಡಿಯಲ್ಲಿ ನಮಗೆ ಅವನ ಬೂಟುಗಳೇ ಪರಿಚಿತ, ಸದಾ ಏಣಿಯ ಮೇಲಿರುತ್ತಿದ್ದವಲ್ಲ. ಅಲ್ಲಿ ಕೂತವನ ಮುಖವನ್ನು ನೋಡಿದ್ದು ಅವತ್ತೇ. ಮಾತಾಡುವ ಜವಾಬ್ದಾರಿ ನನ್ನದಾಗಿತ್ತು. ತಪ್ಪು ವಿಳಾಸಕ್ಕೆ ಅಷ್ಟುದ್ದ ಧನ್ಯವಾದ ಬರೆದಿದ್ದ ನನಗೆ, ಸರಿಯಾದ ವಿಳಾಸ ಎದುರಿಗೇ ಕೂತಾಗ ಒಂದು ವಾಕ್ಯವೂ ಹೊರಡಲಿಲ್ಲ.

ಅಚ್ಚಿನಕ್ಕ ಮುಂದೆ ಬಂದಳು. "ಅವತ್ತು ಬಿದ್ದಾಗ ನನ್ನ ಎತ್ತಿದೋರು ನಾಲ್ಕು ಜನ. ಅವರಿಗೆಲ್ಲ ಅವತ್ತೇ ಕೈ ಮುಗಿದಿದ್ದೆ. ಮತ್ತೆ ಬೀಳದೇ ಇರೋ ಹಾಗೆ ಮಾಡಿದೋರು ಯಾರು ಅಂತ ಈಗ ಗೊತ್ತಾಯ್ತಣ್ಣ" ಎಂದು ಸುಟ್ಟ ಕಲೆಯಿದ್ದ ಆ ಕೈಯನ್ನೂ ಸೇರಿಸಿ ಮುಗಿದಳು.

ವಾಲ್ವಣ್ಣ ಕುರ್ಚಿಯ ಅಂಚಿಗೆ ಸರಿದ. "ಅಯ್ಯೋ, ಕೈ ಇಳ್ಸಮ್ಮ" ಎಂದ. ಆಮೇಲೆ ಸಾಲಾಗಿ ನಿಲ್ಲಿಸಿದ್ದ ಹೊಸ ಕಾಲುಗಳ ಕಡೆ ಕೈ ತೋರಿಸಿ, "ಅಲ್ಲ, ಕಾಲು ಮಾಡೋರೇ ಬಿದ್ದುಬಿಟ್ರೆ, ನಿಲ್ಲೋಕೆ ಅಂತ ಇಲ್ಲಿಗೆ ಬರೋರು ಯಾರನ್ನ ಹಿಡ್ಕೋಬೇಕು?" ಎಂದ.