ದೊಡ್ಡಪ್ಪನ ತಿಪ್ಪೆಯ ಗೊಣ್ಣೆಹುಳಗಳು

ಮಹಾರಾಜರ ಕಾಲ ಅದು. ಹೊಸ ಹೆಸರು ಬಂದಿದ್ದರೂ ಹಿರಿಯರ ಬಾಯಲ್ಲಿ ನಮ್ಮ ತಾಲ್ಲೂಕು ಇನ್ನೂ ಎಡತೊರೆಯೇ. ಭೇರ್ಯದ ಆಚೆಗಿನ ನಮ್ಮ ಹಳ್ಳಿಯಲ್ಲಿ ಯುಗಾದಿ ಕಳೆಯಿತೆಂದರೆ ಮನೆಮನೆಯವರೂ ತಿಪ್ಪೆ ಎತ್ತಿ ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದರು. ಊರಿಗೆ ಊರೇ ಬೆಚ್ಚನೆಯ ಗೊಬ್ಬರದ ವಾಸನೆ. ಅದು ಕೆಟ್ಟ ವಾಸನೆ ಎಂದು ನಮಗೆ ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ನಾನು ಹೇಳುವ ಬೇಸಿಗೆಯಲ್ಲಿ ದೊಡ್ಡಪ್ಪನ ತಿಪ್ಪೆ ಮಾತ್ರ ಎತ್ತದೆ ಹಾಗೇ ಬಿದ್ದಿತ್ತು. ಹಿಂದಿನ ವರ್ಷ ಅಪ್ಪನಿಗೂ ದೊಡ್ಡಪ್ಪನಿಗೂ ಭಾಗವಾಗಿ, ಹಿತ್ತಿಲ ನಡುವೆ ಮಣ್ಣಿನ ಗೋಡೆ ಎದ್ದಿತ್ತು. ಗಾಡಿ, ತಿಪ್ಪೆ ಅವರ ಕಡೆಗೆ ಹೋದವು. ಬಾವಿ, ತೆಂಗಿನ ಸಸಿ ನಮಗೆ ಬಂದವು. ಜೋಡೆತ್ತನ್ನೂ ಬಿಡದೆ ಒಬ್ಬೊಬ್ಬರಿಗೆ ಒಂದೊಂದು ಹಂಚಿಕೊಂಡಿದ್ದರು. ಉಳುವಾಗ ಇಬ್ಬರೂ ಬೇರೆಯವರ ಎತ್ತು ಕೇಳಿ ತಂದು ಜೊತೆ ಮಾಡಿಕೊಳ್ಳುತ್ತಿದ್ದರು. ಊರೆಲ್ಲ ಗೊಬ್ಬರ ಹೊಡೆಯುವ ಹೊತ್ತಿನಲ್ಲಿ ಎತ್ತು ಕೊಡುವವರಿಲ್ಲದೆ ಗಾಡಿ ಮಾತ್ರ ಮೂಕಿ ನೆಲಕ್ಕೂರಿ ನಿಂತಿತ್ತು. ಮಾತಂತೂ ಮೊದಲೇ ನಿಂತುಹೋಗಿತ್ತು.

ಆ ತೆಂಗಿನ ಸಸಿ ನನ್ನ ತಂಗಿ ಪುಟ್ಟಿ ಹುಟ್ಟಿದ ವರ್ಷ ಅವ್ವ ನೆಟ್ಟದ್ದು. ಬಚ್ಚಲ ನೀರು ಕುಡಿದು ಸೊಂಪಾಗಿ ಬೆಳೆದಿತ್ತು. ಆ ಬೇಸಿಗೆ ಪುಟ್ಟಿಗೆ ಚಳಿಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬರುವ ಜ್ವರ. ಕೂಸು ಅವ್ವನ ಹೆಗಲಿಗಂಟಿಕೊಂಡೇ ಹಗುರವಾಗುತ್ತಾ ಹೋಯಿತು. ಅದೇ ವೇಳೆಗೆ ಸಸಿಯ ಹೊಸ ಗರಿಗಳು ಕತ್ತರಿ ಆಡಿಸಿದಂತೆ ತುಂಡುತುಂಡಾಗಿ ಬಿಚ್ಚಿಕೊಳ್ಳತೊಡಗಿದವು. ಸುಳಿಯ ಬುಡದಲ್ಲಿ ತೂತು, ಅಗಿದು ಉಗುಳಿದಂಥ ನಾರು. ಅವ್ವ ಕಬ್ಬಿಣದ ಕೊಕ್ಕೆ ಹಾಕಿ ಎಳೆದರೆ ಹೆಬ್ಬೆರಳಿಗಿಂತ ದಪ್ಪದ ಕರಿ ಹುಳ, ಮೂಗಿನ ಮೇಲೊಂದು ಕೊಂಬು ಹೊತ್ತು, ಕಾಲಾಡಿಸುತ್ತಾ ಹೊರಬರುತ್ತಿತ್ತು. ಒಂದನ್ನು ತೆಗೆದರೆ ಕೆಲವೇ ದಿನಕ್ಕೆ ಇನ್ನೊಂದು. ಸಸಿಗೂ ಕೂಸಿಗೂ ಒಂದೇ ಉಸಿರು ಎಂದು ಅವ್ವ ನಂಬಿಬಿಟ್ಟಿದ್ದಳು.

ನನಗೆ ಆ ಹುಳದ ತವರು ಗೊತ್ತಿತ್ತು. ಗೋಡೆಯ ಮುರುಕಿನಲ್ಲಿ ನುಸುಳಿ ದೊಡ್ಡಪ್ಪನ ಮಗಳು ಕೆಂಪಿಯ ಜೊತೆ ಆಡಲು ಹೋಗುತ್ತಿದ್ದೆ. ತಿಪ್ಪೆ ಕೆದಕಿದರೆ ಬೆಣ್ಣೆಯಂತೆ ಬೆಳ್ಳಗೆ, ಸುರುಳಿ ಸುತ್ತಿಕೊಂಡ ಗೊಣ್ಣೆಹುಳಗಳು. ಅಂಗೈಯಲ್ಲಿಟ್ಟರೆ ತಣ್ಣಗೆ, ಭಾರ. ಒಂದು ದಿನ ಕೆಂಪಿ ಅಲ್ಲೇ ಸಿಕ್ಕಿದ ಮಣ್ಣಿನುಂಡೆಯೊಂದನ್ನು ಒಡೆದಳು. ಒಳಗೆ ಗೊಣ್ಣೆಯೂ ಅಲ್ಲದ, ದುಂಬಿಯೂ ಅಲ್ಲದ ಕಂದು ಜೀವವೊಂದು ಕಾಲು ಮಡಚಿ ಮಲಗಿತ್ತು. ಮೂಗಿನ ಮೇಲೆ ಇನ್ನೂ ಗಟ್ಟಿಯಾಗದ ಕೊಂಬು.

ಹೇಳಿದರೆ ಗೋಡೆ ದಾಟಿದ್ದಕ್ಕೆ ಏಟು ಖಂಡಿತ. ಬಾಯಿ ಮುಚ್ಚಿಕೊಂಡೇ ಇದ್ದೆ. ಪುಟ್ಟಿ ಗಂಜಿಯನ್ನೂ ಬೇಡವೆಂದು ಮುಖ ತಿರುಗಿಸಿದ ಸಂಜೆ ತಡೆಯಲಾಗಲಿಲ್ಲ.

“ಕೊಂಬಿನುಳ ದೊಡ್ಡಪ್ಪನ ತಿಪ್ಪೇಲಿ ಉಟ್ಟೋದು ಕಣವ್ವ. ಅಲ್ಲಿ ರಾಶಿ ಅವೆ.”

ಅವ್ವ ಬೈಯಲಿಲ್ಲ. ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಸೆರಗು ಹೊದ್ದು, ಬೀದಿ ಬಾಗಿಲಿಂದಲೇ ದೊಡ್ಡಪ್ಪನ ಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. ಭಾವನೆದುರು ಅವಳು ನಿಂತು ಮಾತಾಡಿದ್ದನ್ನು ಅದುವರೆಗೆ ಕಂಡಿರಲಿಲ್ಲ. ತಿಪ್ಪೆ ಎತ್ತಿಸಿಬಿಡಿ ಎಂದು ಕೇಳಿದಳು. ದೊಡ್ಡಪ್ಪ ಕೂಸಿನ ಮುಖ ನೋಡಿದ.

“ಒಂದೆತ್ತು ಇಟ್ಕಂಡು ಗಾಡಿ ಎಂಗವ್ವ ಕಟ್ಲಿ?” ಎಂದ ಮೆಲ್ಲಗೆ.

ಅವ್ವ ಬಂದು ಅಪ್ಪನಿಗೆ ಅಷ್ಟನ್ನೇ ಹೇಳಿದಳು. ಅಪ್ಪ ಆ ರಾತ್ರಿ ಊಟಕ್ಕೆ ಏಳಲಿಲ್ಲ. ಬೆಳಗ್ಗೆ ನಾನು ಕಣ್ಣುಜ್ಜಿಕೊಂಡು ಎದ್ದಾಗ ಕೊಟ್ಟಿಗೆಯಲ್ಲಿ ನಮ್ಮ ಎತ್ತಿರಲಿಲ್ಲ.

ಓಡಿದೆ. ದೊಡ್ಡಪ್ಪನ ಬಾಗಿಲಲ್ಲಿ ಎತ್ತುಗಳೆರಡೂ ಒಂದರ ಕುತ್ತಿಗೆ ಒಂದು ನೆಕ್ಕುತ್ತಿದ್ದವು. ಅಣ್ಣತಮ್ಮಂದಿರು ನೊಗದ ಎರಡು ತುದಿಯಲ್ಲಿ, ಮುಖ ನೋಡದೆ ನಿಂತಿದ್ದರು.

“ಆ ಕಣ್ಣಿ ಒಸಿ ಬಿಗಿ ಮಾಡ್ಲಾ,” ಎಂದ ದೊಡ್ಡಪ್ಪ.

“ಮಾಡಿವ್ನಿ ಕಣಣ್ಣ,” ಎಂದ ಅಪ್ಪ.

ಭಾಗವಾದ ಮೇಲೆ ಅವರಾಡಿದ ಮೊದಲ ಮಾತು ಅದು.

ದಿನವಿಡೀ ತಿಪ್ಪೆಯಿಂದ ಹಬೆ ಏಳುತ್ತಿತ್ತು. ಗುದ್ದಲಿ ಬಿದ್ದಲ್ಲೆಲ್ಲ ಗೊಣ್ಣೆಹುಳ. ನಾನೂ ಕೆಂಪಿಯೂ ಮಂಕರಿಗೆ ತುಂಬಿ ಕೋಳಿಗಳ ಮುಂದೆ ಸುರಿದೆವು. ಕಾಗೆ, ಗೊರವಂಕಗಳು ಹೆದರಿಕೆ ಮರೆತು ನಮ್ಮ ಕಾಲ ಸಂದಿಗೇ ಬಂದವು. ಮಧ್ಯಾಹ್ನ ಎರಡು ಮನೆಯವರಿಗೂ ದೊಡ್ಡವ್ವನ ಮುದ್ದೆ, ಹುರುಳಿ ಬಸ್ಸಾರು. ಎಷ್ಟು ತೊಳೆದರೂ ಕೈಯ ಗೊಬ್ಬರದ ವಾಸನೆ ಹೋಗಿರಲಿಲ್ಲ, ಅದರಲ್ಲೇ ಉಂಡೆವು. ಅಷ್ಟು ರುಚಿಯಾಗಿ ಮತ್ತೆಂದಾದರೂ ಉಂಡೆನೋ ಇಲ್ಲವೋ.

ಕೊನೆಯ ಗಾಡಿ ಸುರಿದು ಬಂದ ದೊಡ್ಡಪ್ಪ ಗಾಡಿ ತೊಳೆದು ಒಣಗಲು ಬಿಟ್ಟ. ಮಾರನೆಯ ಬೆಳಗ್ಗೆ ಅದರಲ್ಲಿ ಹುಲ್ಲು ಹಾಸಿ, ಕೂಸನ್ನು ಆಸ್ಪತ್ರೆಗೆ ಕರೆದೊಯ್ಯೋಣ ಎಂದು ಬಂದು ನಿಂತ. ಬಿಸಿಲಲ್ಲಿ ಅಷ್ಟು ದೂರ ಹೊತ್ತು ನಡೆಯಲಾರದೆ ಅವ್ವ ಅಲ್ಲಿಯವರೆಗೆ ಕಷಾಯದಲ್ಲೇ ದಿನ ತಳ್ಳಿದ್ದಳು. ಡಾಕ್ಟರು ಕೊಟ್ಟ ಕಹಿ ಔಷಧಿಗೆ ಜ್ವರ ನಿಧಾನಕ್ಕೆ ಬಿಟ್ಟಿತು.

ಸಸಿ ಉಳಿಯಲಿಲ್ಲ. ಮಳೆ ಹಿಡಿದಾಗ ಸುಳಿ ಕೊಳೆತು ಕಳಚಿತು. ಅವ್ವ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಅತ್ತಳು. ದೊಡ್ಡಪ್ಪ ಗೋಡೆಯಾಚೆಯಿಂದ ನೋಡಿ ಹೇಳಿದ: “ಮರ ಓದ್ರೆ ಇನ್ನೊಂದು ನೆಟ್ರಾಯ್ತು, ಬುಡವ್ವ. ಕೂಸು ನೋಡು, ಎಂಗೆ ಓಡ್ತಾ ಅದೆ.” ಪುಟ್ಟಿ ಕೋಳಿ ಅಟ್ಟಿಸಿಕೊಂಡು ಹೋಗುತ್ತಿದ್ದಳು.

ಈಗ ನಮ್ಮೂರಲ್ಲಿ ಗೊಬ್ಬರ ಮೂಟೆಯಲ್ಲಿ ಬರುತ್ತದೆ. ಮೊಮ್ಮಕ್ಕಳಿಗೆ ಗೊಣ್ಣೆಹುಳ ತೋರಿಸೋಣವೆಂದರೆ ಸುಲಭಕ್ಕೆ ಸಿಗುವುದಿಲ್ಲ. ಅದು ಹೋದದ್ದಕ್ಕೆ ನನಗೆ ಅಷ್ಟೇನೂ ದುಃಖವಿಲ್ಲ. ಮನೆಮನೆಗಳ ನಡುವೆ ಮುನಿಸು ಈಗಲೂ ಆಗುತ್ತದೆ. ಆದರೆ ಎಲ್ಲರ ಮನೆಯಲ್ಲೂ ಎಲ್ಲವೂ ಇರುವುದರಿಂದ ಮತ್ತೆ ಒಬ್ಬರ ಬಾಗಿಲಿಗೊಬ್ಬರು ಹೋಗಲು ನೆಪವೇ ಸಿಗದು. ಅವ್ವ, ಅಪ್ಪ, ದೊಡ್ಡಪ್ಪ ಯಾರೂ ಇಲ್ಲ. ಪುಟ್ಟಿ ಈಗ ಅಜ್ಜಿ. ಆ ಬೇಸಿಗೆ ಅವಳಿಗೆ ಎಳ್ಳಷ್ಟೂ ನೆನಪಿಲ್ಲ. ಅವಳು ನಕ್ಕಾಗಲೆಲ್ಲ ನಾನು ಮನಸ್ಸಿನಲ್ಲೇ ಆ ಮೂವರಿಗೂ ಕೈ ಮುಗಿಯುತ್ತೇನೆ. ಅವರು ಎದುರಿಗಿದ್ದಾಗ ಮುಗಿಯಬೇಕೆಂದು ಹೊಳೆದೇ ಇರಲಿಲ್ಲ.